ಜಗ್ಗಿನಲ್ಲಿ ಉಳಿದ ನೀರು

ಏಪ್ರಿಲ್ 11

ಅತ್ತೆಯವರಿಗೆ,

ಹೇಗಿದ್ದೀರಿ ಎಂದು ಕೇಳುವುದಕ್ಕೆ ಆರು ವರ್ಷ ತಡವಾಗಿದೆ. ಆದ್ದರಿಂದ ಕೇಳುತ್ತಿಲ್ಲ. ವಿಳಾಸವನ್ನು ನಿಮ್ಮ ಮಗಳು ಕೊಟ್ಟಳು. ಅಮ್ಮನಿಗೆ ಈಗ ಫೋನಿನಲ್ಲಿ ಏನೂ ಕೇಳಿಸುವುದಿಲ್ಲ, ಬರೆದರೆ ಓದುತ್ತಾಳೆ, ಉತ್ತರ ಬರೆಯುತ್ತಾಳೋ ಇಲ್ಲವೋ ಹೇಳಲಾರೆ ಎಂದಳು. ನನಗೂ ಬರೆಯುವುದೇ ಸುಲಭ. ಮುಖ ನೋಡಬೇಕಾಗಿಲ್ಲ.

ಇದು ಕೆಲಸದ ಕಾಗದ. ಮೂರನೇ ವಾರ್ಡಿನ ಪಡಸಾಲೆಯ ಉದ್ದಕ್ಕೂ ಇರುವ ದಾಸವಾಳದ ಸಾಲು ಸಾಯುತ್ತಿದೆ. ನೀವು ಆ ವಾರ್ಡಿಗೆ ಸಿಸ್ಟರ್ ಆಗಿ ಬಂದ ವರ್ಷ ಅವು ಮೊಣಕಾಲೆತ್ತರ ಇದ್ದವು ಎಂದು ಹೇಳುತ್ತಿದ್ದಿರಿ. ಈಗ ಕಿಟಕಿಯ ಮೇಲ್ಕಟ್ಟು ಮುಟ್ಟಿವೆ, ಬುಡ ನನ್ನ ತೋಳಿನಷ್ಟು ದಪ್ಪ. ಹನ್ನೊಂದರಲ್ಲಿ ಎಂಟು ಗಿಡಗಳ ಎಲೆ ಕೆಳಗಿನಿಂದ ಹಳದಿಯಾಗುತ್ತಾ ಬಂದಿದೆ. ಮೊಗ್ಗು ಕಟ್ಟುತ್ತವೆ, ಅರಳುವ ಮೊದಲೇ ಉದುರಿಸಿಬಿಡುತ್ತವೆ. ಬೆಳಿಗ್ಗೆ ನೀರು ಹಾಕಿದರೆ ಹನ್ನೊಂದು ಗಂಟೆಯ ಹೊತ್ತಿಗೆ ಮತ್ತೆ ಜೋತು ಬಿದ್ದಿರುತ್ತವೆ, ಬೈಸಿಕೊಂಡ ಮಕ್ಕಳ ಹಾಗೆ. ಬೇಸಿಗೆಯ ಕಾವು ಎಂದುಕೊಂಡು ಸಂಜೆಯೂ ನೀರು ಹಾಕಲು ಶುರುಮಾಡಿದೆ. ಗೊಬ್ಬರ ಹಾಕಿದೆ. ಗೆದ್ದಲು ಇರಬಹುದೆಂದು ಕೆದಕಿ ನೋಡಿದೆ, ಇಲ್ಲ. ಎಲ್ಲಕ್ಕಿಂತ ಕೆಟ್ಟಿರುವುದು ನಡುವಿನದು, ಆರನೆಯದು.

ಜಗ್ಗಿನ ನೀರಿನ ಪದ್ಧತಿ ನೀವು ಬಿಟ್ಟುಹೋದ ಹಾಗೆಯೇ ನಡೆದಿದೆ. ಬೆಳಿಗ್ಗೆ ಹೊಸ ನೀರು ತುಂಬುವ ಮೊದಲು, ಹಾಸಿಗೆಯ ಪಕ್ಕದ ಜಗ್ಗಿನಲ್ಲಿ ಉಳಿದದ್ದನ್ನು ಮೋರಿಗೆ ಚೆಲ್ಲದೆ ಪಡಸಾಲೆಯ ಕಂಬಿಯ ಮೇಲಿಂದ ಗಿಡಕ್ಕೆ ಸುರಿಯುತ್ತಾರೆ. ಎರಡು ಬೆಡ್ಡಿಗೆ ಒಂದು ಗಿಡ. ಬಂದ ಮೂರನೆಯ ದಿನಕ್ಕೆಲ್ಲ ಪ್ರತಿ ರೋಗಿಯೂ ‘ನನ್ನ ಗಿಡ’ ಎನ್ನತೊಡಗುತ್ತಾನೆ. ಎದ್ದು ನಿಲ್ಲಲಾಗದವರ ಜಗ್ಗನ್ನು ಪಕ್ಕದವರು ತಂದು ಸುರಿಯುತ್ತಾರೆ. ಆಗ ಇಪ್ಪತ್ತೆರಡು ಬೆಡ್ಡು, ಈಗ ನಡುವೆ ನಡುವೆ ತುರುಕಿ ಮೂವತ್ತನಾಲ್ಕು. ಇಷ್ಟು ನೀರು ಕುಡಿದೂ ಅವು ಬಾಯಾರಿದ ಹಾಗೆ ಕಾಣುವುದು ಹೇಗೆ ಎಂದು ನನಗೆ ತಿಳಿಯುತ್ತಿಲ್ಲ.

ಕಟ್ಟಡ ನೋಡಿಕೊಳ್ಳುವ ಇಂಜಿನಿಯರು ಬಂದು, ಸೊಂಟದ ಮೇಲೆ ಕೈಯಿಟ್ಟು ನೋಡಿ, ಮಳೆಗಾಲ ಮುಗಿಯುವವರೆಗೆ ಬಿಡುತ್ತೇನೆ, ಆಗಲೂ ಚಿಗುರದಿದ್ದರೆ ಕಿತ್ತು ಟೈಲ್ಸ್ ಹಾಸಿ ಬೆಂಚು ಹಾಕಿಸುತ್ತೇನೆ ಎಂದರು. ಕೆಟ್ಟವರಲ್ಲ. ಬೆಂಚೂ ಬೇಕಾದದ್ದೇ.

ನಿಮ್ಮ ಕಾಲದಲ್ಲಿ ಹೀಗೆ ಎಂದಾದರೂ ಆಗಿತ್ತೇ? ಆಗಿದ್ದರೆ ಏನು ಮಾಡಿದಿರಿ? ಮೂವತ್ತಾರು ವರ್ಷ ಆ ಪಡಸಾಲೆಯಲ್ಲಿ ಓಡಾಡಿದವರು ನೀವೊಬ್ಬರೇ. ಬೇರೆ ಯಾರಾದರೂ ಇದ್ದಿದ್ದರೆ ಅವರನ್ನೇ ಕೇಳುತ್ತಿದ್ದೆ.

ಇಂತಿ,
ಆಸ್ಪತ್ರೆಯ ತೋಟದವಳು


ಏಪ್ರಿಲ್ 25

ತೋಟದವಳಿಗೆ,

ಕಾಗದ ತಲುಪಿತು. ನನ್ನ ಕಾಲದಲ್ಲಿ ಹೀಗಾಗಿರಲಿಲ್ಲ.

ನೀನು ಬರೆದದ್ದು ಸಾಲದು. ರೋಗಿ ಸುಸ್ತಾಗಿದ್ದಾನೆ ಎಂದು ಹೇಳಿದರೆ ಯಾವ ಡಾಕ್ಟರೂ ಏನೂ ಹೇಳಲಾರ. ಎಂದಿನಿಂದ? ಯಾವ ಗಿಡದಿಂದ ಶುರುವಾಯಿತು? ಎಲ್ಲವೂ ಒಟ್ಟಿಗೆ ಮಲಗಿದವೋ, ಒಂದರ ಹಿಂದೆ ಒಂದೋ? ಮಣ್ಣಿಗೆ ವಾಸನೆ ಇದೆಯೇ? ಅದನ್ನೆಲ್ಲ ನೋಡಿ ಬರೆ. ಕತ್ತರಿ ಹಾಕುವುದಿದ್ದರೆ ಒಂದು ಗಿಡಕ್ಕೆ ಹಾಕಿದ್ದನ್ನು ಸ್ಪಿರಿಟ್ಟಿನಲ್ಲಿ ಒರೆಸದೆ ಇನ್ನೊಂದಕ್ಕೆ ಹಾಕಬೇಡ. ವಾರ್ಡಿನಲ್ಲಿ ಕೇಳಿದರೆ ಕೊಡುತ್ತಾರೆ, ನನ್ನ ಹೆಸರು ಹೇಳಬೇಕಾಗಿಲ್ಲ.

ನೀರು ಮಾತ್ರ ತಪ್ಪಿಸಬೇಡ. ಆರನೆಯದಕ್ಕೆ ಒಂದು ಜಗ್ಗು ಹೆಚ್ಚೇ ಹಾಕು.

ಇಲ್ಲಿ ಮಗಳ ಮನೆ ಮೂರನೇ ಮಹಡಿ. ನನ್ನ ಕೋಣೆಗೆ ಎರಡು ಮೊಳ ಅಗಲದ ಬಾಲ್ಕನಿ ಇದೆ. ಕೆಳಗೆ ಬಸ್ಸು ತೊಳೆಯುವ ಜಾಗ. ಮನೆಯವರೆಲ್ಲ ನನ್ನ ಕಡೆ ತಿರುಗಿ ಬಾಯಿ ಅಗಲಿಸಿ ಮಾತಾಡುತ್ತಾರೆ, ಹಲ್ಲಿನ ಡಾಕ್ಟರ ಮುಂದೆ ಕೂತ ಹಾಗೆ. ಹಲ್ಲು ಎಲ್ಲರದೂ ಚೆನ್ನಾಗಿದೆ.

ಇಂತಿ,
ಮೂರನೇ ವಾರ್ಡಿನ ನಿವೃತ್ತ ಸಿಸ್ಟರ್


ಮೇ 14

ಅತ್ತೆಯವರಿಗೆ,

ಮೊದಲು ನಿಮ್ಮ ಪ್ರಶ್ನೆಗಳಿಗೆ. ಶುರುವಾದದ್ದು ಆರನೆಯದರಿಂದ, ಬಹುಶಃ ಎರಡು ವರ್ಷದ ಹಿಂದೆ. ನಾನು ಗಮನಿಸಿದ್ದು ತಡವಾಗಿ. ಅಲ್ಲಿಂದ ಎರಡೂ ಕಡೆಗೆ ಹರಡಿದೆ. ವಾಸನೆ ಇದೆ. ಒದ್ದೆ ಬಟ್ಟೆಯನ್ನು ಮಡಚಿಟ್ಟು ಮರೆತರೆ ಬರುತ್ತದಲ್ಲ, ಆ ಹುಳಿ ವಾಸನೆ.

ನೀವು ಹೇಳಿದಂತೆ ಆರನೆಯದಕ್ಕೆ ಒಂಬತ್ತು ದಿನ ಒಂದೊಂದು ಜಗ್ಗು ಹೆಚ್ಚು ಹಾಕಿದೆ. ಹತ್ತನೆಯ ದಿನ ಕೃಷಿ ಪ್ರಯೋಗಾಲಯದಿಂದ ಗಿಡದ ಡಾಕ್ಟರು ಬಂದರು. ನನಗಿಂತ ಹಿರಿಯ ಹೆಂಗಸು, ಮೊಣಕಾಲಿಗೆ ಗೋಣಿ ಕಟ್ಟಿಕೊಂಡೇ ಬಂದಿದ್ದರು. ಬುಡದ ಮಣ್ಣು ಬಗೆದು ಒಂದು ಬೇರು ಹಿಡಿದು ಎಳೆದರು. ಬೇರಿನ ಸಿಪ್ಪೆ ಒದ್ದೆ ಅಂಗಿಯ ತೋಳಿನ ಹಾಗೆ ಕೈಗೆ ಕಳಚಿ ಬಂತು. ಒಳಗೆ ಉಳಿದದ್ದು ಒಂದು ನೂಲು. ಬೇರುಕೊಳೆ ರೋಗ ಎಂದರು. ಎಷ್ಟು ನೀರು ಹಾಕುತ್ತೀ ಎಂದು ಕೇಳಿದರು. ಹೇಳಿದೆ. ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದರು.

ನೀರಿನಲ್ಲಿ ನಿಂತ ಬೇರಿಗೆ ಉಸಿರು ಕಟ್ಟುತ್ತದೆ, ಕೊಳೆಯುತ್ತದೆ. ಕೊಳೆತ ಬೇರಿಗೆ ನೀರು ಎಳೆಯುವ ಶಕ್ತಿ ಇರುವುದಿಲ್ಲ. ಹಾಗಾಗಿ ಸುತ್ತ ನೀರಿದ್ದರೂ ಮೇಲೆ ಎಲೆ ಬಾಡುತ್ತದೆ. ನೋಡಿದವರು ಬಾಯಾರಿಕೆ ಎಂದುಕೊಂಡು ಇನ್ನಷ್ಟು ಸುರಿಯುತ್ತಾರೆ. ಇಪ್ಪತ್ತು ವರ್ಷ ತೋಟ ನೋಡಿಕೊಂಡವಳಿಗೆ ಇದು ಹೊಳೆಯಬೇಕಿತ್ತು. ಬೇರೆ ಯಾವ ಗಿಡವಾಗಿದ್ದರೂ ಹೊಳೆಯುತ್ತಿತ್ತು.

ಇನ್ನು ನೀರು ಬಂದ್. ಬುಡದ ಮಣ್ಣು ತೆಗೆದು ಗಾಳಿಯಾಡಿಸಬೇಕು, ಕೊಳೆತ ಬೇರು ಕತ್ತರಿಸಿ ಮದ್ದಿನ ಪುಡಿ ಕದಡಿ ಹಾಕಬೇಕು, ಬೇರಿನ ಮೇಲಿನ ಭಾರ ಇಳಿಸಲು ಕೊಂಬೆಗಳನ್ನು ಮೂರರಲ್ಲಿ ಒಂದು ಪಾಲು ಸವರಬೇಕು. ಎಲ್ಲಕ್ಕಿಂತ ಮುಖ್ಯ, ನಿಂತ ನೀರಿಗೆ ಹೋಗಲು ದಾರಿ ಮಾಡಬೇಕು. ಇಷ್ಟು ಹಳೆಯ ಸಾಲು ಚರಂಡಿ ಇಲ್ಲದೆ ಇಷ್ಟು ವರ್ಷ ಬದುಕಿರಲಾರದು ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದರು. ಇಂಜಿನಿಯರ ಹಳೆಯ ನಕ್ಷೆಯಲ್ಲಿ ಪಡಸಾಲೆಯ ಬುಡದಿಂದ ಹಿತ್ತಿಲಿಗೆ ಒಂದು ಕಲ್ಲಿನ ಚರಂಡಿ ಇದೆ. ನೆಲದಲ್ಲಿ ಇಲ್ಲ. ನೀವು ನೋಡಿದ್ದು ನೆನಪಿದೆಯೇ?

ನೀರು ನಿಲ್ಲಿಸುವುದು ಇಷ್ಟು ಕಷ್ಟದ ಕೆಲಸ ಎಂದು ನನಗೆ ಗೊತ್ತಿರಲಿಲ್ಲ. ಕಂಬಿಗೆ ಹಲಗೆ ತೂಗುಹಾಕಿದೆ, ಗಿಡಕ್ಕೆ ನೀರು ಹಾಕಬಾರದು ಎಂದು. ನೆಲ ಒರೆಸುವ ಆಯಾ ಅದನ್ನು ಓದಿ, ನಕ್ಕು, ಸುರಿದು ಹೋದಳು. ಆದ್ದರಿಂದ ದಿನವೂ ಬೆಳಿಗ್ಗೆ ಆರರಿಂದ ಏಳರವರೆಗೆ ನಾನೇ ಕಾವಲು ನಿಲ್ಲುತ್ತೇನೆ. ಹನ್ನೆರಡನೇ ಬೆಡ್ಡಿನಲ್ಲಿ ಈಗ ಒಬ್ಬ ನಿವೃತ್ತ ಗಣಿತದ ಮೇಷ್ಟ್ರು ಇದ್ದಾರೆ. ಆರನೆಯ ಗಿಡ ಅವರದು. ಮೊನ್ನೆ ಜಗ್ಗನ್ನು ಎದೆಗೆ ಅವಚಿಕೊಂಡು ಗೋಡೆ ಹಿಡಿದು ಹಿಡಿದು ಬಂದರು.

“ದಾರಿ ಬಿಡಮ್ಮಾ. ಪಾಪ, ನಾಲಿಗೆ ಹೊರಗೆ ಹಾಕ್ಕೊಂಡು ನಿಂತಿದೆ.”

“ಬೇಡ ಮೇಷ್ಟ್ರೇ.”

“ಕಣ್ಣೆದುರಿಗೇ ಒಣಗ್ತಾ ಇದೆ, ಬೇಡ ಅಂತೀಯಲ್ಲ. ಕರುಳು ಅನ್ನೋದು ಇದೆಯಾ ನಿಂಗೆ?”

“ಅದಕ್ಕೆ ಬಾಯಾರಿಲ್ಲ. ಅದು ಮುಳುಗ್ತಾ ಇದೆ.”

ಹೇಳಿ, ಅವರ ಕೈಯಿಂದ ಜಗ್ಗು ತೆಗೆದುಕೊಂಡೆ.

ನಿಮಗೆ ಗೊತ್ತಿರುವುದನ್ನೇ ಬರೆಯುತ್ತಿದ್ದೇನೆ. ನಾವಿಬ್ಬರೂ ಅದನ್ನು ಒಮ್ಮೆಯೂ ಆಡಿಕೊಳ್ಳಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಆರು ವರ್ಷದ ಹಿಂದೆ ಅದೇ ಹನ್ನೆರಡನೇ ಬೆಡ್ಡಿನಲ್ಲಿ ನಿಮ್ಮ ಮಗ ಮಲಗಿ ನೀರು ನೀರು ಎನ್ನುತ್ತಿದ್ದರು. ದಿನಕ್ಕೆ ಮುಕ್ಕಾಲು ಲೀಟರಿಗಿಂತ ಒಂದು ಗುಟುಕೂ ಹೆಚ್ಚು ಕೊಡಬಾರದೆಂದು ನೀವು ಜಗ್ಗಿಗೆ ಬಿಳಿ ಪಟ್ಟಿ ಅಂಟಿಸಿ ಗೆರೆ ಎಳೆದಿದ್ದಿರಿ. ಅವರ ತಾಯಿಯೇ ಆ ವಾರ್ಡಿನ ಸಿಸ್ಟರ್ ಆಗಿದ್ದೂ ಹೀಗಾಯಿತಲ್ಲ ಎಂದು ನಾನು ಪಡಸಾಲೆಗೆ ಬಂದು ಕೇಳಿದೆ, ಕರುಳು ಅನ್ನೋದು ಇದೆಯಾ ನಿಮಗೆ ಎಂದು. ಮೂತ್ರಪಿಂಡ ಕೈಕೊಟ್ಟವನಿಗೆ ಕುಡಿದ ನೀರೆಲ್ಲ ಎದೆಗೇ ಹೋಗುತ್ತದೆ ಎಂದು ವಿವರಿಸಿದಿರಿ. ಆಮೇಲೆ, “ಅವನಿಗೆ ಬಾಯಾರಿಲ್ಲ ಕಣೇ, ಮುಳುಗ್ತಾ ಇದಾನೆ” ಎಂದಿರಿ. ನಾನು ನಂಬಲಿಲ್ಲ. ಮೊನ್ನೆ ನಾನು ನಿಂತಿದ್ದದ್ದು ನೀವು ಅವತ್ತು ನಿಂತಿದ್ದ ಜಾಗದಲ್ಲೇ.

ಇದಕ್ಕೆ ಉತ್ತರ ಬರೆಯಬೇಕಾಗಿಲ್ಲ. ಚರಂಡಿಯ ವಿಷಯ ಮಾತ್ರ ಬರೆಯಿರಿ.

ಇಂತಿ,
ನಿಮ್ಮ ಮಗನ ಹೆಂಡತಿ


ಜೂನ್ 9

ಮಗನ ಹೆಂಡತಿ ಎಂದು ಸಹಿ ಹಾಕಿದ್ದೀಯ. ಅದಕ್ಕೆ ಸೊಸೆ ಎಂಬ ಚಿಕ್ಕ ಮಾತಿದೆ. ಬರೆಯುವ ಶ್ರಮ ಉಳಿಯುತ್ತದೆ.

ಮೂರು ಸಲ ಬರೆದು ಹರಿದೆ.

ಚರಂಡಿ ಇದೆ. ಆರನೆಯ ಗಿಡದ ಬುಡದಿಂದ ಗೋಡೆಯ ಕಡೆಗೆ ಎರಡು ಗೇಣು ಅಳೆದು ಅಗೆ. ಒಂದು ಚಪ್ಪಡಿ ಸಿಗುತ್ತದೆ, ಸುತ್ತ ಸಿಮೆಂಟು ಮೆತ್ತಿದೆ. ಅದರ ಕೆಳಗೆ ಚರಂಡಿಯ ಬಾಯಿ. ಮುಚ್ಚಿಸಿದವಳು ನಾನು.

ನಾನು ನಿವೃತ್ತಳಾದ ವಾರ. ಬಚ್ಚಲು ರಿಪೇರಿಗೆ ಬಂದಿದ್ದ ಗಾರೆಯವನಿಗೆ, ಸೊಳ್ಳೆ ಜಾಸ್ತಿ, ಇದನ್ನು ಮುಚ್ಚಪ್ಪಾ ಎಂದೆ. ನೀರು ನಿಲ್ಲುತ್ತೆ ಸಿಸ್ಟರಮ್ಮಾ ಎಂದ. ನಿಲ್ಲಲಿ ಎಂದೆ. ನನ್ನ ಮಾತಿಗೆ ಅಲ್ಲಿ ಯಾರೂ ಎರಡು ಸಲ ಪ್ರಶ್ನೆ ಕೇಳುತ್ತಿರಲಿಲ್ಲ. ಅದೂ ಒಂದು ದೋಷವೇ.

ಯಾಕೆ ಮುಚ್ಚಿಸಿದೆ ಎಂದರೆ, ಮಗ ತೀರಿಹೋದ ಬೆಳಿಗ್ಗೆ ಜಗ್ಗಿನಲ್ಲಿ ಗೆರೆಯವರೆಗೆ ನೀರಿತ್ತು. ಆ ದಿನದ ಪಾಲು. ಮುಟ್ಟಿರಲಿಲ್ಲ. ಉಳಿದವರನ್ನೆಲ್ಲ ಆಚೆ ಕಳಿಸಿ, ಎಲ್ಲರ ಜಗ್ಗಿನ ನೀರಿನ ಹಾಗೆ ಅದನ್ನೂ ಅವನ ಗಿಡಕ್ಕೇ ಸುರಿದೆ. ಬೇಸಿಗೆಯ ನೆಲ, ಗಟ್ಟಿಯಾಗಿತ್ತು. ನೀರು ಬುಡವನ್ನು ಸುತ್ತಿಕೊಂಡು, ಮಣ್ಣು ಒದ್ದೆಯಾಗುವ ಮೊದಲೇ ಜಾರಿ ಚರಂಡಿಗೆ ಹೋಯಿತು. ನೋಡುತ್ತಾ ನಿಂತೆ. ಅಷ್ಟೂ ಹೋಯಿತು. ಚಮಚದಲ್ಲಿ ಅಳೆದು ಕೊಟ್ಟ ನೀರು.

ಆಮೇಲೆ ಮೂರು ತಿಂಗಳು ಅದೇ ವಾರ್ಡಿನಲ್ಲಿ ಕೆಲಸ ಮಾಡಿದೆ. ದಿನವೂ ಆ ಗಿಡದ ಪಾಲಿನ ನೀರು ಹಾಗೆ ಜಾರಿ ಹೋಗುವುದು ಕಣ್ಣಿಗೆ ಬೀಳುತ್ತಿತ್ತು. ಅದಾದರೂ ಹೊಟ್ಟೆತುಂಬ ಕುಡಿಯಲಿ, ನಾನು ಹೋದ ಮೇಲೆ ಯಾರೂ ಅದಕ್ಕೆ ಗೆರೆ ಎಳೆಯದಿರಲಿ ಅನ್ನಿಸಿತು. ಬಾಯಿ ಮುಚ್ಚಿಸಿ ಹೊರಟುಬಂದೆ. ನೀನು ಮೊದಲ ಕಾಗದ ಬರೆದಾಗಲೇ ಅನುಮಾನ ಬಂದಿತ್ತು. ಆದರೂ ಒಂದು ಜಗ್ಗು ಹೆಚ್ಚು ಹಾಕು ಎಂದು ಬರೆದೆ. ಅನುಮಾನವನ್ನು ನಂಬಲು ಮನಸ್ಸಾಗಲಿಲ್ಲ.

ನೀರು ಹೆಚ್ಚಾದರೆ ಏನಾಗುತ್ತದೆಂದು ಆಸ್ಪತ್ರೆಯಲ್ಲಿ ನನಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ.

ಪಕ್ಕದ ಗಿಡಗಳು ಏನು ತಪ್ಪು ಮಾಡಿದ್ದವು ಎಂದು ನೀನು ಕೇಳಬಹುದು. ಕೇಳು.

ಅತ್ತೆ


ಜುಲೈ 3

ಅತ್ತೆಯವರಿಗೆ,

ಕಾಗದ ಬಂದ ದಿನವೇ ಹಾರೆ ತೆಗೆದುಕೊಂಡು ಹೋದೆ. ಎರಡು ಗೇಣಲ್ಲ, ಮೂರು. ನಿಮ್ಮ ಗೇಣು ನನ್ನದಕ್ಕಿಂತ ದೊಡ್ಡದು. ಸಿಮೆಂಟು ಒಡೆದು ಚಪ್ಪಡಿ ಎಬ್ಬಿಸಿದಾಗ ಮೊದಲು ಏನೂ ಆಗಲಿಲ್ಲ. ಚರಂಡಿಯಲ್ಲಿ ಕಟ್ಟಿದ್ದ ಕೆಸರನ್ನು ಕಬ್ಬಿಣದ ಸರಳಿನಿಂದ ಚುಚ್ಚಿದೆ. ಯಾರೋ ಗಂಟಲು ಸರಿಮಾಡಿಕೊಂಡಂಥ ಒಂದು ಸದ್ದು ಬಂತು. ಆಮೇಲೆ ಕಪ್ಪು ನೀರು ಇಳಿಯತೊಡಗಿ ಮಧ್ಯಾಹ್ನದವರೆಗೂ ಇಳಿಯಿತು. ಮೇಷ್ಟ್ರು ಸ್ಟೂಲು ತರಿಸಿಕೊಂಡು ಪಡಸಾಲೆಯಲ್ಲಿ ಕೂತು ನೋಡಿದರು. ಕೊನೆಗೆ, ಇಷ್ಟು ಕೂತಿತ್ತೇನಮ್ಮಾ ಇದರೊಳಗೆ ಎಂದರು. ಈಗ ಆರಕ್ಕೆ ಮೊದಲೇ ಬಂದು ಅವರೇ ಕಾವಲು ನಿಲ್ಲುತ್ತಾರೆ. ನನಗಿಂತ ಜೋರು. ಹದಿನೆಂಟನೇ ಬೆಡ್ಡಿನವನನ್ನು ಒಂದು ಲೋಟ ನೀರಿಗಾಗಿ ಅರ್ಧ ಗಂಟೆ ನಿಲ್ಲಿಸಿ ಪಾಠ ಮಾಡಿದರು.

ನನಗೆ ಸಿಟ್ಟು ಬಂದಿತ್ತು. ಎರಡು ವಾರ ಇತ್ತು. ಆ ಸಿಟ್ಟಿನಲ್ಲೇ ಹನ್ನೊಂದು ಗಿಡಗಳ ಬುಡ ಬಿಡಿಸಿ, ಕೊಳೆತ ಬೇರುಗಳನ್ನೆಲ್ಲ ಕತ್ತರಿಸಿದೆ. ಪ್ರತಿ ಗಿಡಕ್ಕೂ ಕತ್ತರಿ ಒರೆಸಿದೆ, ನೀವು ಹೇಳಿದ ಹಾಗೆ. ಸ್ಪಿರಿಟ್ಟಿನ ವಾಸನೆ ಕೈಗೆ ಹತ್ತಿ, ಊಟಕ್ಕೆ ಕೂತಾಗಲೆಲ್ಲ ವಾರ್ಡು ನೆನಪಾಗುತ್ತಿತ್ತು. ಐದನೆಯದು ಮತ್ತು ಏಳನೆಯದನ್ನು ಕಿತ್ತಾಯಿತು. ಅವುಗಳ ಕೆಳಗೆ ಹಿಡಿದುಕೊಳ್ಳುವಂಥದ್ದೇ ಇರಲಿಲ್ಲ, ನೆಲಕ್ಕೆ ಊರಿದ ಕೊಡೆಯ ಹಾಗೆ ಎದ್ದುಬಂದವು. ಆರನೆಯದನ್ನು ಇನ್ನೂ ಕಿತ್ತಿಲ್ಲ. ಬುಡದ ಸುತ್ತ ತೊಗಟೆ ಮೆತ್ತಗಾಗಿದೆ. ಒಂದು ಕಡೆ ಮಾತ್ರ ಎರಡು ಬೆರಳಗಲ ಉಗುರಿನಲ್ಲಿ ಗೀರಿದರೆ ಹಸಿರು ಕಾಣುತ್ತದೆ.

ಸಿಟ್ಟು ಇಳಿದ ಮೇಲೆ ಕೆಳಗೆ ಉಳಿದದ್ದನ್ನು ಬರೆಯುತ್ತೇನೆ. ನಡುವೆ ನಿಲ್ಲಿಸಿದರೆ ಮತ್ತೆ ಬರೆಯಲಾರೆ.

ಕೊನೆಯ ಹಿಂದಿನ ದಿನ ಮಧ್ಯಾಹ್ನ ನೀವು ಊಟಕ್ಕೆ ಹೋಗಿದ್ದಾಗ ನಾನು ಅವರಿಗೆ ನೀರು ಕೊಟ್ಟೆ. ಜಗ್ಗಿನಿಂದಲ್ಲ, ಅದರಲ್ಲಿ ಗೆರೆ ಇತ್ತಲ್ಲ. ತೋಟದ ನಲ್ಲಿಯಿಂದ, ನನ್ನ ಲೋಟದಲ್ಲಿ. ಎರಡು ಲೋಟ. ಒಂದು ಕೈಯಿಂದ ಗದ್ದ ಹಿಡಿದು ಕುಡಿಸಿದೆ. ಕುಡಿದು ಕಣ್ಣು ಮುಚ್ಚಿ, “ನಾಳೆ ಡಿಸ್ಚಾರ್ಜು, ನಾನೇ ಕೇಳಿಸ್ಕೊಂಡೆ” ಎಂದರು. ಹತ್ತೊಂಬತ್ತು ವರ್ಷ ಆಸ್ಪತ್ರೆಯ ಲಿಫ್ಟು ನಡೆಸುತ್ತಾ, ಮೇಲೆ ಹೋಗುವ ಪ್ರತಿ ರೋಗಿಗೂ ಹೇಳುತ್ತಿದ್ದರಲ್ಲ, ಅದೇ ಸುಳ್ಳು. ಮರುದಿನ ಬೆಳಿಗ್ಗೆ ಹೋದರು.

ನಿಮ್ಮ ವಾರ್ಡಿನಲ್ಲಿ ನಿಮ್ಮ ಮಗ ಬಾಯಾರಿ ಸತ್ತ ಎಂದು ಎಲ್ಲರ ಎದುರು ನಾನು ಕೂಗಿದ್ದು ಅದಾದ ಮೇಲೆ. ಕೂಗದಿದ್ದರೆ ಯಾರಾದರೂ ನನ್ನ ಕೈಯಲ್ಲಿದ್ದ ಲೋಟ ನೋಡಿಬಿಡುತ್ತಾರೆ ಅನ್ನಿಸಿತ್ತು. ಕೈಯಲ್ಲಿ ಲೋಟ ಇರಲಿಲ್ಲ. ಆದರೂ ಅನ್ನಿಸಿತ್ತು. ಈಚೆಗೆ ಗಿಡದ ಡಾಕ್ಟರು, ಎಷ್ಟು ನೀರು ಹಾಕ್ತೀಯಾ ಎಂದು ಕೇಳಿ ನನ್ನ ಮುಖ ನೋಡಿದಾಗ, ಅವರು ಗಿಡದ ವಿಷಯ ಕೇಳುತ್ತಿದ್ದಾರೆ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ಆರು ವರ್ಷದಿಂದ ದಿನಕ್ಕೆ ಎರಡು ಸಲ ಆ ಪಡಸಾಲೆಯನ್ನು ಹಾದುಹೋಗುತ್ತೇನೆ. ದಣಿದಿದ್ದೇನೆ ಅತ್ತೆ.

ಪಕ್ಕದ ಗಿಡಗಳು ಏನು ತಪ್ಪು ಮಾಡಿದ್ದವು ಎಂದು ನಾನು ಕೇಳುವುದಿಲ್ಲ. ಕೇಳುವ ಬಾಯಿ ನನ್ನದಲ್ಲ.

ಸೊಸೆ


ಜುಲೈ 19

ಸೊಸೆಗೆ,

ಗೊತ್ತಿತ್ತು.

ಅವತ್ತು ಸಂಜೆ ಐದಕ್ಕೆ ಅವನ ತೂಕ ನೋಡಿದೆ. ನಾನು ಕೊಟ್ಟ ನೀರಿನ ಲೆಕ್ಕಕ್ಕಿಂತ ಅರ್ಧ ಕಿಲೋ ಹೆಚ್ಚು. ಎರಡು ಲೋಟ ಎಂದರೆ ಅಷ್ಟೇ ಆಗುತ್ತದೆ. ಅವನ ಗದ್ದದ ಮೇಲೆ ಮಣ್ಣಿನ ಬೆರಳಚ್ಚು ಇತ್ತು. ಆಸ್ಪತ್ರೆಯಲ್ಲಿ ಮಣ್ಣಿನ ಕೈ ಇದ್ದವಳು ನೀನೊಬ್ಬಳೇ. ಒದ್ದೆ ಹತ್ತಿಯಿಂದ ಒರೆಸಿದೆ. ಚಾರ್ಟಿನಲ್ಲಿ ಹಿಂದಿನ ದಿನದ ತೂಕವನ್ನೇ ಬರೆದೆ. ಮೂವತ್ತಾರು ವರ್ಷದಲ್ಲಿ ನಾನು ಬರೆದ ಸುಳ್ಳು ಅಂಕಿ ಅದೊಂದೇ.

ನೀನು ಕೂಗಿದಾಗ ನಾನು ಬಾಯಿ ಬಿಟ್ಟಿದ್ದರೆ ಚಾರ್ಟು ಹೊರಗೆ ಬರುತ್ತಿತ್ತು. ಕೂಗಿಕೊಳ್ಳಲಿ ಎಂದು ಸುಮ್ಮನಿದ್ದೆ. ಆಮೇಲೆ ಸುಮ್ಮನಿರುವುದೇ ರೂಢಿಯಾಯಿತು.

ಈಗ ನಾನು ಹೇಳುವುದನ್ನು ಸರಿಯಾಗಿ ಓದು. ಅದಕ್ಕೂ ಮೊದಲಿನ ಸೋಮವಾರ ದೊಡ್ಡ ಡಾಕ್ಟರು ನನ್ನನ್ನು ಕೋಣೆಗೆ ಕರೆದು, ಹೃದಯ ಸೋತಿದೆ, ಈ ವಾರ ದಾಟುವುದಿಲ್ಲ ಎಂದಿದ್ದರು. ನಿನಗೆ ಹೇಳಲಿಲ್ಲ. ಹೇಳಿದರೆ ನೀನು ಕೈಬಿಡುತ್ತೀ ಎಂದಲ್ಲ. ಹೇಳಿಬಿಟ್ಟರೆ ನಾನು ಕೈಬಿಡುತ್ತೇನೆ ಎಂಬ ಹೆದರಿಕೆ. ಗೆರೆ ಇರುವವರೆಗೆ ಅವನು ಗುಣವಾಗುವ ರೋಗಿ, ಗೆರೆ ಅಳಿಸಿದರೆ ಸಾಯುವವನು. ಅಷ್ಟಕ್ಕೇ ಆ ಗೆರೆ. ನಿನ್ನ ಎರಡು ಲೋಟ ಅವನನ್ನು ಕೊಂಡೊಯ್ಯಲಿಲ್ಲ. ಇದನ್ನು ನರ್ಸಾಗಿ ಹೇಳುತ್ತಿದ್ದೇನೆ, ಸಮಾಧಾನಕ್ಕಲ್ಲ. ಸಮಾಧಾನ ಹೇಳಲು ನನಗೆ ಬರುವುದಿಲ್ಲ, ನಿನಗೇ ಗೊತ್ತು.

ತಾಯಿಯಾಗಿ ಹೇಳುವುದಾದರೆ, ಆ ಎರಡು ಲೋಟ ಕೊಟ್ಟವಳು ನಾನಾಗಲಿಲ್ಲವಲ್ಲ ಎಂದು ಆರು ವರ್ಷದಿಂದ ನಿನ್ನ ಮೇಲೆ ಹೊಟ್ಟೆಕಿಚ್ಚು ಪಟ್ಟಿದ್ದೇನೆ.

ಆರನೆಯದನ್ನು ಕೀಳಬೇಕಾಗಿ ಬಂದರೆ ಕೀಳು, ನನ್ನ ಅಪ್ಪಣೆಗೆ ಕಾಯಬೇಡ. ಹಸಿರಿರುವ ಕಡೆಯಿಂದ ಕಡ್ಡಿ ನೆಟ್ಟರೆ ಬರಬಹುದೇನೋ, ನೋಡು. ಒಂದು ಬಂದರೂ ಸಾಕು. ನನಗೆ ಇನ್ನೇನೂ ಬೇಡ.

ಅತ್ತೆ


ಸೆಪ್ಟೆಂಬರ್ 22

ಅತ್ತೆಗೆ,

ಇಷ್ಟು ದಿನ ಬರೆಯಲಿಲ್ಲ. ಬರೆಯಲು ಏನಾದರೂ ಆಗಲಿ ಎಂದು ಕಾಯುತ್ತಿದ್ದೆ. ನಿಮ್ಮ ಕಾಗದ ನನ್ನ ಕೆಲಸದ ಕೋಟಿನ ಜೇಬಿನಲ್ಲೇ ಇದೆ. ಮಡಿಕೆಯಲ್ಲಿ ಹರಿದಿದೆ.

ಮಳೆ ಮುಗಿಯುತ್ತಾ ಬಂತು. ಚರಂಡಿ ಚೆನ್ನಾಗಿ ಎಳೆಯುತ್ತಿದೆ. ಒಂದು, ಎರಡು, ಒಂಬತ್ತು, ಹತ್ತು, ಹನ್ನೊಂದು ಚಿಗುರಿವೆ. ಕತ್ತರಿಸಿದ ಕೊಂಬೆಗಳ ತುದಿಯಲ್ಲಿ ತಾಮ್ರದ ಬಣ್ಣದ ಎಲೆ, ಇನ್ನೂ ಇಸ್ತ್ರಿ ಮಾಡದ ಬಟ್ಟೆಯ ಹಾಗೆ ಸುಕ್ಕುಸುಕ್ಕು. ನಡುವಿನವೆಲ್ಲ ಹೋದವು. ಇಂಜಿನಿಯರು ಬಂದು ಎಣಿಸಿ, “ಐದಕ್ಕೆಲ್ಲ ಸಾಲು ಅಂತಾರಾ?” ಎಂದರು. “ಐದಿದ್ರೆ ಕೈ ಅಂತೀವಲ್ಲ ಸಾರ್” ಎಂದೆ. ಎರಡು ಕ್ಷಣ ತಮ್ಮ ಕೈ ನೋಡಿಕೊಂಡು ನಕ್ಕರು. ಗಿಡಗಳಿರುತ್ತವೆ. ನಡುವಿನ ಖಾಲಿ ಜಾಗದಲ್ಲಿ ಬೆಂಚು ಬರುತ್ತದೆ. ಆ ಮಣ್ಣಿನಲ್ಲಿ ಸದ್ಯಕ್ಕೆ ಬೇರೆ ಗಿಡ ನೆಡುವಂತೆಯೂ ಇಲ್ಲ, ರೋಗ ಅಲ್ಲೇ ಇದೆ. ಬೆಂಚಿಗೆ ಬೇರಿಲ್ಲವಲ್ಲ.

ಜಗ್ಗಿನ ನೀರು ಸುರಿಯಲು ಪಡಸಾಲೆಯ ತುದಿಯಲ್ಲಿ ಒಂದು ಡ್ರಮ್ಮು ಇಟ್ಟಿದ್ದೇನೆ. ಅದನ್ನು ಹುಲ್ಲಿನ ಕಡೆ ಒಯ್ದು ಹಾಕುತ್ತೇನೆ. ರೋಗಿಗಳಿಗೆ ಅಷ್ಟು ಖುಷಿಯಿಲ್ಲ, ‘ನನ್ನ ಡ್ರಮ್ಮು’ ಎಂದು ಯಾರೂ ಹೇಳಲಾರರು. ಮೇಷ್ಟ್ರು ಆಗಸ್ಟಿನಲ್ಲಿ ಮನೆಗೆ ಹೋದರು. ನಿಜವಾದ ಡಿಸ್ಚಾರ್ಜು.

ಆರನೆಯದನ್ನು ಆಗಸ್ಟ್ ಮೊದಲ ವಾರ ಕಿತ್ತೆ. ಹಸಿರು ಪಟ್ಟಿ ಒಂದು ಬೆರಳಗಲಕ್ಕೆ ಬಂದಿತ್ತು, ಇನ್ನು ತಡಮಾಡಿದರೆ ಕಡ್ಡಿಯೂ ಸಿಗುತ್ತಿರಲಿಲ್ಲ. ಆ ಬದಿಯ ಕೊಂಬೆಯಿಂದ ಹದಿನಾಲ್ಕು ಕಡ್ಡಿ ಕತ್ತರಿಸಿ, ತೊಳೆದ ಮರಳಿನಲ್ಲಿ ನೆಟ್ಟು, ಪ್ಲಾಸ್ಟಿಕ್ ಹೊದಿಸಿ, ಔಷಧದ ಕೋಣೆಯ ಕಿಟಕಿಯಲ್ಲಿಟ್ಟೆ. ಮೊದಲ ವಾರ ಹನ್ನೊಂದು ಕಪ್ಪಾದವು. ಉಳಿದ ಮೂರು ಎಲೆ ಬಿಟ್ಟವು. ಅವತ್ತು ನಿಮಗೆ ಬರೆಯಲು ಕೂತಿದ್ದೆ. ಬರೆಯದಿದ್ದದ್ದು ಒಳ್ಳೆಯದಾಯಿತು. ಕಡ್ಡಿಯಲ್ಲಿ ಉಳಿದಿದ್ದ ಕಸುವಿನಲ್ಲೇ ಅವು ಎಲೆ ಬಿಟ್ಟಿದ್ದವು, ಕೆಳಗೆ ಬೇರು ಹುಟ್ಟಿರಲಿಲ್ಲ. ಒಂದೊಂದಾಗಿ ಬಾಗಿದವು. ಆರನೆಯದು ಬರಲಿಲ್ಲ ಅತ್ತೆ.

ಈ ಕಾಗದದ ಜೊತೆ ಆಂಬ್ಯುಲೆನ್ಸ್ ಓಡಿಸುವವರು ಒಂದು ಕುಂಡ ತರುತ್ತಾರೆ. ಅದು ಒಂಬತ್ತನೆಯದರ ಕಡ್ಡಿ. ಬೇರು ಬಿಟ್ಟಿದೆ, ನೋಡಿಯೇ ಕಳಿಸುತ್ತಿದ್ದೇನೆ. ಹನ್ನೊಂದೂ ಒಂದೇ ತಳಿ, ಅದೇ ಬಿಳಿ ಹೂವು, ನಡುವೆ ಅದೇ ಕೆಂಪು. ಆರನೆಯದೇ ಎಂದು ಹೇಳಿದ್ದರೆ ನಿಮಗೆ ಎಂದಿಗೂ ತಿಳಿಯುತ್ತಿರಲಿಲ್ಲ. ಎರಡು ದಿನ ಯೋಚಿಸಿದೆ. ನಿಮ್ಮ ಮಗನಾಗಿದ್ದರೆ ಹಾಗೆಯೇ ಹೇಳುತ್ತಿದ್ದರು, ಕಣ್ಣು ಕೂಡ ಮಿಟುಕಿಸದೆ. ನನ್ನ ಕೈಯಲ್ಲಿ ಆಗಲಿಲ್ಲ. ನಿಮ್ಮಿಂದ ಇನ್ನೊಂದನ್ನು ಮುಚ್ಚಿಡಲು ನನ್ನೊಳಗೆ ಜಾಗವಿಲ್ಲ.

ತೋರುಬೆರಳನ್ನು ಎರಡನೇ ಗೆಣ್ಣಿನವರೆಗೆ ಮಣ್ಣಿಗೆ ಇಳಿಸಿ ನೋಡಿ. ತಣ್ಣಗಿದ್ದರೆ ನೀರು ಬೇಡ. ಮಧ್ಯಾಹ್ನ ಎಲೆ ಸ್ವಲ್ಪ ಜೋತರೆ ಹೆದರಬೇಡಿ, ಸಂಜೆಗೆ ತಾನೇ ಏಳುತ್ತದೆ. ನೋಡಿಕೊಂಡು ಸುಮ್ಮನಿರುವುದೇ ಕಷ್ಟ.

ನಿಮ್ಮ ಸೊಸೆ


ಅಕ್ಟೋಬರ್ 17

ಸೊಸೆಗೆ,

ಒಂಬತ್ತನೆಯದು ತಲುಪಿತು. ದಾರಿಯಲ್ಲಿ ಎರಡು ಎಲೆ ಉದುರಿವೆ, ಏಳು ಇವೆ. ಆಂಬ್ಯುಲೆನ್ಸಿನವನು ಕುಂಡವನ್ನು ರೋಗಿಯ ಸೀಟಿಗೆ ಬೆಲ್ಟು ಕಟ್ಟಿ ತಂದಿದ್ದ.

ನಿನ್ನ ಕಾಗದವನ್ನು ಬಾಲ್ಕನಿಯಲ್ಲಿ ಕೂತು ಓದಿದೆ. ಆರನೆಯದು ಬರಲಿಲ್ಲ ಎಂಬ ಸಾಲಿನ ಹತ್ತಿರ ಸ್ವಲ್ಪ ಹೊತ್ತು ನಿಂತೆ. ಆಮೇಲೆ ಮುಂದೆ ಓದಿದೆ. ಸುಳ್ಳು ಹೇಳಬಹುದಿತ್ತು ನೀನು. ನಾನು ನಂಬಿರುತ್ತಿದ್ದೆ, ದಿನವೂ ಅನುಮಾನ ಪಡುತ್ತಲೂ ಇರುತ್ತಿದ್ದೆ. ಈ ವಯಸ್ಸಿನಲ್ಲಿ ಎರಡೂ ಆಗುವುದಿಲ್ಲ.

ಒಂಬತ್ತನೆಯ ಗಿಡ ಎಂದರೆ ಹದಿನೇಳು, ಹದಿನೆಂಟನೇ ಬೆಡ್ಡು. ಯಾರು ಯಾರು ಮಲಗಿದ್ದರು ಎಂದು ಮೂರು ದಿನ ನೆನಪು ಮಾಡಿಕೊಂಡೆ. ಒಬ್ಬ ದರ್ಜಿ ಇದ್ದ. ನನ್ನ ಸಮವಸ್ತ್ರದ ಗುಂಡಿ ಸಡಿಲವಾಗಿದ್ದು ಕಂಡು, ಮಲಗಿದಲ್ಲೇ ಸೂಜಿ ದಾರ ತರಿಸಿ, ನಾನು ಬಗ್ಗಿ ನಿಂತಿರುವ ಹಾಗೇ ಹೊಲಿದುಕೊಟ್ಟ. ಇಪ್ಪತ್ತು ದಿನವಿದ್ದು ಗುಣವಾಗಿ ಮನೆಗೆ ಹೋದ. ಗುಣವಾಗಿ ಹೋದವರನ್ನು ನಾನು ಲೆಕ್ಕದಲ್ಲೇ ಇಟ್ಟಿರಲಿಲ್ಲ. ಎಷ್ಟೊಂದು ಜನ ಇದ್ದರು.

ಮೊನ್ನೆ ಮಧ್ಯಾಹ್ನ ಎಲೆ ಜೋತಿತ್ತು. ಮಗಳು ಬಂದು ನನ್ನ ಕಡೆ ತಿರುಗಿ, ಬಾಯಿ ಅಗಲಿಸಿ, ಅಮ್ಮಾ ಗಿಡ ಬಾಡಿದೆ ನೀರು ಹಾಕು ಎಂದಳು. ಕೇಳಿಸಲಿಲ್ಲ ಎಂದೆ. ಇನ್ನೂ ಅಗಲಿಸಿ ಹೇಳಿದಳು. ಆಗಲೂ ಕೇಳಿಸಲಿಲ್ಲ. ಸಂಜೆಗೆ ಎದ್ದು ನಿಂತಿತು.

ಇವತ್ತು ಬೆಳಿಗ್ಗೆ ಆರಕ್ಕೆ, ರೂಢಿಯ ಹಾಗೆ, ಲೋಟದಲ್ಲಿ ನೀರು ತುಂಬಿಕೊಂಡು ಹೋದೆ. ಬೆರಳನ್ನು ಎರಡನೇ ಗೆಣ್ಣಿನವರೆಗೆ ಇಳಿಸಿದೆ. ತಣ್ಣಗಿತ್ತು. ಲೋಟ ಹಿಡಿದುಕೊಂಡು ಹಾಗೆಯೇ ನಿಂತೆ, ಈ ನೀರನ್ನು ಇನ್ನೇನು ಮಾಡುವುದು ಎಂದು. ಕೆಳಗೆ ಬಸ್ಸು ತೊಳೆಯುತ್ತಿದ್ದರು.

ಆಮೇಲೆ ನಾನೇ ಕುಡಿದೆ.

ಅತ್ತೆ